ತಾಳೆಯಾದರೂ ತಪ್ಪಾಗಿದ್ದ ಲೆಕ್ಕ: ಕರಾವಳಿಯಲ್ಲಿ ನಾಲ್ಕು ದಿನ



ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ತಾಳೆಪಟ್ಟಿಯ ಪಾಠ ಓದಿದ್ದೇವೆ. ಡೆಬಿಟ್ ಮೊತ್ತ ಮತ್ತು ಕ್ರೆಡಿಟ್ ಮೊತ್ತ ಸಮ ಬಂದರೆ ಪರೀಕ್ಷೆಯ ಹಾಲಿನಲ್ಲಿ ಎಷ್ಟು ಸಮಾಧಾನ ಆಗುತ್ತದೆ! ಕೆಳಗೆ ಎರಡು ಗೆರೆ ಎಳೆದು ಪೆನ್ನು ಕೆಳಗಿಡುತ್ತೇವೆ. ಆದರೆ ಅದೇ ಪಾಠದ ಕೊನೆಯಲ್ಲಿ ಒಂದು ಚಿಕ್ಕ ಭಾಗ ಇದೆ: ತಾಳೆಪಟ್ಟಿ ತೋರಿಸಿಕೊಡದ ತಪ್ಪುಗಳು. ಐದು ಅಂಕದ ಪ್ರಶ್ನೆಗೆ ಬರಬಹುದೆಂದು ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಮಾತ್ರ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ರಜೆಯಲ್ಲಿ, ಕರಾವಳಿಯ ಮರಳಿನ ಮೇಲೆ. ಆ ಪಾಠವನ್ನು ನಮ್ಮ ಪ್ರವಾಸದ ಲೆಕ್ಕದ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ. ಇದರಲ್ಲಿ ಬರುವ ದೊಡ್ಡ ತಪ್ಪು ನನ್ನದೇ. ಆದ್ದರಿಂದ ಬೇರೆ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ.

1. ಹೊರಟವರು ಮತ್ತು ಒಪ್ಪಂದ

ಹೊರಟವರು ಐವರು. ಬಟ್ಟೆ ಅಂಗಡಿ ಇರುವ ನನ್ನ ಮಾಮು, ಖಾಲಾ ಅವರ ಮಗ ಭಾಯಿಜಾನ್, ನನ್ನ ಬೆಂಚಿನ ಗೆಳೆಯ, ಸೈನ್ಸ್ ಓದುವ ಇನ್ನೊಬ್ಬ ಗೆಳೆಯ, ಮತ್ತು ನಾನು. ಗಾಡಿ ಭಾಯಿಜಾನ್ ಅವರ ಹಳೆಯ ಓಮ್ನಿ. ವಾರದ ಐದು ದಿನ ಅವರು ಅದರಲ್ಲೇ ಸಂತೆಯಿಂದ ಸಂತೆಗೆ ಪಾತ್ರೆ ಸಾಗಿಸಿ ಮಾರುತ್ತಾರೆ. ಹೋಟೆಲ್ ರೂಮು ನಮ್ಮ ಕೈಗೆ ಎಟುಕುವುದಿಲ್ಲ. ಅದಕ್ಕೇ ಟೆಂಟ್ ಹಾಕಿ ಮಲಗುವುದು, ಅಡುಗೆ ನಾವೇ ಮಾಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಮೂವರು ಮಲಗುವ ಒಂದು ಹೊಸ ಟೆಂಟ್ ಕೊಂಡೆವು. ಇನ್ನೊಂದು ಚಿಕ್ಕ ಟೆಂಟನ್ನು ಪರಿಚಯದವರಿಂದ ಕೇಳಿ ತಂದೆವು.

ಕೆಲಸ ಹಂಚಿಕೊಂಡೆವು. ಭಾಯಿಜಾನ್ ಡ್ರೈವಿಂಗ್, ಬೆಂಚಿನ ಗೆಳೆಯ ಅಡುಗೆ, ಸೈನ್ಸ್ ಗೆಳೆಯ ಔಷಧಿ ಡಬ್ಬಿ ಮತ್ತು ದಾರಿ ನೋಡುವುದು, ಮಾಮು ಹಣ ಇಟ್ಟುಕೊಳ್ಳುವುದು. ಲೆಕ್ಕ ಬರೆಯುವುದು ಮತ್ತು ಟೆಂಟ್ ಹಾಕುವುದು ನನ್ನ ಪಾಲಿಗೆ ಬಂತು. ಖರ್ಚು ಎಷ್ಟೇ ಆಗಲಿ, ಐವರಿಗೂ ಸಮಪಾಲು ಎಂದು ಬಾಯಿಮಾತಿನಲ್ಲೇ ಒಪ್ಪಿದೆವು. ತಲಾ 3,300 ರೂಪಾಯಿ ಹಾಕಿದೆವು. ಒಟ್ಟು 16,500.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಇದು ಕಾನೂನಿನ ಅರ್ಥದಲ್ಲಿ ಪಾಲುದಾರಿಕೆ ಅಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಪಾಲುದಾರಿಕೆಗೆ ವ್ಯಾಪಾರ ಇರಬೇಕು, ಅದರ ಲಾಭ ಹಂಚಿಕೊಳ್ಳುವ ಒಪ್ಪಂದ ಇರಬೇಕು. ನಮ್ಮದರಲ್ಲಿ ವ್ಯಾಪಾರವೂ ಇಲ್ಲ, ಲಾಭವೂ ಇಲ್ಲ. ಆದರೂ ನಾಲ್ಕು ಜನ ಸೇರಿ ಹಣ ಹಾಕಿದಾಗ ನ್ಯಾಯವಾಗಿ ನಡೆದುಕೊಳ್ಳುವುದು ಹೇಗೆ ಎಂಬುದಕ್ಕೆ ಆ ಕಾಯ್ದೆಯಲ್ಲಿ ಒಳ್ಳೆಯ ಸೂತ್ರಗಳಿವೆ. ಮುಂದೆ ಅವು ಬೇಕಾಗುತ್ತವೆ.

2. ದಾರಿ

ಶಿವಮೊಗ್ಗದಿಂದ ಫಜರ್ ನಮಾಜ್ ಮುಗಿಸಿ ಹೊರಟು, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಉಡುಪಿ ಸೇರಿದೆವು. ಅಲ್ಲಿಂದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 66. ಮಹಾರಾಷ್ಟ್ರದ ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಪಶ್ಚಿಮ ಕರಾವಳಿಯನ್ನೇ ಹಿಡಿದು ಹೋಗುವ ರಸ್ತೆ ಇದು. ಹಿಂದೆ ಇದರ ಹೆಚ್ಚಿನ ಭಾಗದ ನಂಬರು 17 ಆಗಿತ್ತು. ನಮ್ಮ ರಾಜ್ಯದ ಕಡಲತೀರ ಸುಮಾರು 320 ಕಿಲೋಮೀಟರ್. ಅದರಲ್ಲಿ ಉಡುಪಿಯಿಂದ ಕಾರವಾರದವರೆಗಿನ ಭಾಗವನ್ನು ನಾವು ನೋಡಿದೆವು.

ಮೊದಲ ರಾತ್ರಿ ಮರವಂತೆ. ಅಲ್ಲಿ ಉತ್ತರಕ್ಕೆ ಹೋಗುವಾಗ ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಒಬ್ಬರ ತೆಂಗಿನ ತೋಟದಲ್ಲಿ 300 ರೂಪಾಯಿ ಕೊಟ್ಟು ಟೆಂಟ್ ಹಾಕಿದೆವು. ಏಪ್ರಿಲ್ ತಿಂಗಳ ಸೆಖೆ ಹೇಗಿತ್ತೆಂದರೆ ರಾತ್ರಿ ಎರಡು ಗಂಟೆಗೂ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮಲೆನಾಡಿನ ನಾವು ಹೊದಿಕೆ ತುಂಬಿಕೊಂಡು ಹೋಗಿದ್ದೆವು! ಒಂದನ್ನೂ ಬಿಚ್ಚಲಿಲ್ಲ.

ಎರಡನೇ ದಿನ ಬೈಂದೂರು, ಭಟ್ಕಳ, ಮುರ್ಡೇಶ್ವರ, ಹೊನ್ನಾವರ. ಭಟ್ಕಳದಲ್ಲಿ ಚಹಾ ಕುಡಿದ ಅಂಗಡಿಯವರು ತಮ್ಮೊಳಗೆ ನವಾಯತಿ, ನಮ್ಮ ಜೊತೆ ಉರ್ದು, ಪಕ್ಕದ ಗಿರಾಕಿಯ ಜೊತೆ ಕನ್ನಡ ಮಾತಾಡಿದರು. ಒಂದೇ ಗಲ್ಲಾಪೆಟ್ಟಿಗೆ, ಮೂರು ಭಾಷೆ. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ ಎಂದು ಎರಡರಲ್ಲೇ ತೊದಲುವ ನನಗೆ ಅವರನ್ನು ನೋಡಿ ಸಂತೋಷವಾಯಿತು. ಆ ರಾತ್ರಿ ಶರಾವತಿಯ ದಡದ ಇನ್ನೊಂದು ತೋಟದಲ್ಲಿ ಉಳಿದೆವು. ಅಲ್ಲಿಯೂ 300.

ಮೂರನೇ ದಿನ ಕಾರವಾರಕ್ಕೆ ಹೋಗಿ ಹಿಂದಿರುಗುವ ಯೋಜನೆ. ಹೊನ್ನಾವರದ ಸೇತುವೆಯಲ್ಲಿ ಶರಾವತಿ, ಮಿರ್ಜಾನಿನ ಹತ್ತಿರ ಅಘನಾಶಿನಿ, ಅಂಕೋಲಾ ಸೇರುವ ಮೊದಲು ಗಂಗಾವಳಿ, ಕಾರವಾರದಲ್ಲಿ ಕಾಳಿ. ನಾಲ್ಕೂ ಪಶ್ಚಿಮಕ್ಕೆ ಹರಿಯುವ ನದಿಗಳು. ಬೆಟ್ಟ ಮತ್ತು ಕಡಲಿನ ನಡುವೆ ಜಾಗ ಎಷ್ಟು ಕಡಿಮೆ ಇದೆ ಎಂಬುದು ಈ ದಾರಿಯಲ್ಲಿ ಹೋದವರಿಗೇ ಗೊತ್ತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಜನ ಸತ್ತ ಜಾಗ ಬಂದಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಮರುತಿಂಗಳೇ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿದಿತ್ತು. ರಸ್ತೆಯೂ ಸವೆಯುವ ಆಸ್ತಿಯೇ. ಅದರ ಸವಕಳಿಯನ್ನು ಸಮಯಕ್ಕೆ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಒಂದೇ ದಿನ ಬಂದು ಕೇಳುತ್ತದೆ.

ಹಿಂದಿರುಗುವಾಗ ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆ ನೋಡಿದೆವು. ಉಬ್ಬರದ ಉಪ್ಪುನೀರನ್ನು ಕಾಲುವೆಯಿಂದ ಪಾತಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಉಪ್ಪು ಎಳೆಯುತ್ತಾರೆ. ಮಳೆಗಾಲದಲ್ಲಿ ಈ ಕೆಲಸ ಇಲ್ಲ. ಯಂತ್ರದ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಅಂದರೆ ಕರಾವಳಿಯ ಎಷ್ಟೋ ಮನೆಗಳು ಹತ್ತು ತಿಂಗಳ ಸಂಪಾದನೆಯಲ್ಲಿ ಹನ್ನೆರಡು ತಿಂಗಳು ಬದುಕಬೇಕು. ಉಬ್ಬರ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿಯವರೆಗೆ ಬರುತ್ತದೆ ಎಂಬುದು ಅವರಿಗೆ ಅನ್ನದ ವಿಷಯ. ಮಧ್ಯಾಹ್ನ ಇದನ್ನೆಲ್ಲ ಕೇಳಿ ತಲೆಯಾಡಿಸಿದ ನಾನು ಸಂಜೆಯ ಹೊತ್ತಿಗೆ ಮರೆತೆ.

3. ಮೂರನೇ ರಾತ್ರಿ

ಕುಮಟಾ ಹತ್ತಿರದ ಒಂದು ಊರಿನ ಕಡಲತೀರಕ್ಕೆ ಬಂದಾಗ ಸಂಜೆ ಐದು ಗಂಟೆ. ಟೆಂಟ್ ಹಾಕಲು ಅಡ್ಡಿಯಿಲ್ಲವೆಂದು ಊರಿನ ಅಂಗಡಿಯವರು ಹೇಳಿದ್ದರು. ಮಾಮು ಮತ್ತು ಭಾಯಿಜಾನ್ ಮೇಲೆ ಗಾಳಿಮರಗಳ ಕೆಳಗೆ ಓಮ್ನಿ ನಿಲ್ಲಿಸಿ ಅಲ್ಲೇ ಚಿಕ್ಕ ಟೆಂಟ್ ಬಿಚ್ಚಿದರು. ಗೆಳೆಯರಿಬ್ಬರು ಕುಡಿಯುವ ನೀರು ತರಲು ಹೋದರು. ನಾನೊಬ್ಬನೇ ದೊಡ್ಡ ಟೆಂಟ್ ಎತ್ತಿಕೊಂಡು ಕೆಳಗೆ ಇಳಿದೆ. ಮೇಲಿನ ಮರಳು ಸಡಿಲ, ಕಾಲು ಹೂತುಹೋಗುತ್ತಿತ್ತು. ಕೆಳಗೆ ನೀರಿನ ಕಡೆಗೆ ಮರಳು ಕ್ಯಾರಂ ಬೋರ್ಡಿನ ಹಾಗೆ ಸಮತಟ್ಟಾಗಿ, ಗಟ್ಟಿಯಾಗಿ ಇತ್ತು. ಸಮುದ್ರ ಬಹಳ ದೂರ ಇತ್ತು. ಅಲ್ಲಿ ಗೂಟ ಹೊಡೆಯಲು ಶುರು ಮಾಡಿದೆ.

ಬಲೆ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಿದ್ದ ಒಬ್ಬ ವಯಸ್ಸಾದ ಮೀನುಗಾರರು ನಿಂತರು. "ತಮ್ಮಾ, ಇಲ್ಲಿ ಬೇಡ. ನೀರು ಬರ್ತದೆ. ಮೇಲೆ ನಮ್ಮ ಮನೆ ಹತ್ರ ಜಾಗ ಅದೆ, ಅಲ್ಲಿ ಹಾಕು" ಎಂದರು.

ನನ್ನ ಮನಸ್ಸಿನಲ್ಲಿ ಬಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಹಿಂದಿನ ಎರಡು ರಾತ್ರಿ 300 ರೂಪಾಯಿ ಕೊಟ್ಟಿದ್ದೆವಲ್ಲ, ಇವರೂ ಜಾಗ ತೋರಿಸಿ ಹಣ ಕೇಳುತ್ತಾರೆ ಎಂದುಕೊಂಡೆ. ಡಬ್ಬಿಯಲ್ಲಿ ಉಳಿದದ್ದು ಕಡಿಮೆ ಎಂದು ಲೆಕ್ಕ ಬರೆಯುವ ನನಗೆ ಗೊತ್ತಿತ್ತು. "ಆಯ್ತು ಅಜ್ಜಾ, ನೋಡ್ತೀವಿ" ಎಂದು ಹೇಳಿ, ಅವರು ಮರೆಯಾದ ಮೇಲೆ ಉಳಿದ ಗೂಟಗಳನ್ನೂ ಅಲ್ಲೇ ಹೊಡೆದೆ. ಮಗ್ರಿಬ್ ನಂತರ ಮಾಮು ಕೆಳಗೆ ಬಂದು, "ಇಷ್ಟು ಕೆಳಗೆ ಸರಿಯಾ ಬೇಟಾ? ಯಾರನ್ನಾದರೂ ಕೇಳಿದೆಯಾ?" ಎಂದರು. "ಹ್ಞೂ ಮಾಮು, ಕೇಳಿದೆ" ಎಂದೆ. ಇದು ಪೂರ್ತಿ ಸುಳ್ಳಲ್ಲ, ನಿಜವಂತೂ ಅಲ್ಲ.

ರಾತ್ರಿ ಹನ್ನೊಂದೂವರೆಗೆ ನನ್ನ ಕಾಲಿನ ಹತ್ತಿರ ತಣ್ಣಗಾಯಿತು. ಎದ್ದು ಕೂರುವಷ್ಟರಲ್ಲಿ ಎರಡನೇ ಅಲೆ ಟೆಂಟಿನ ಒಳಗೇ ಬಂತು. ಮೂವರೂ ಜಿಪ್ ಹುಡುಕುತ್ತಾ ಒಬ್ಬರ ಮೇಲೊಬ್ಬರು ಬಿದ್ದೆವು. ಹೊರಗೆ ಬಂದಾಗ ನೀರು ಮೊಣಕಾಲಿನವರೆಗೆ ಇತ್ತು. ಹಿಂದೆ ಸರಿಯುವ ಅಲೆ ಟೆಂಟನ್ನು ಚೀಲದ ಹಾಗೆ ಎಳೆಯುತ್ತಿತ್ತು. ಸೈನ್ಸ್ ಗೆಳೆಯನಿಗೆ ಈಜು ಬರುವುದಿಲ್ಲ. ಅವನು ನನ್ನ ತೋಳು ಹಿಡಿದ ಜಾಗದಲ್ಲಿ ಉಗುರಿನ ಗುರುತು ಒಂದು ವಾರ ಇತ್ತು. ಕೂಗು ಕೇಳಿ ಮಾಮು, ಭಾಯಿಜಾನ್ ಓಡಿ ಬಂದರು. ಅವರಿಗಿಂತ ಮೊದಲು ಟಾರ್ಚ್ ಹಿಡಿದು ಬಂದವರು ಆ ಅಜ್ಜ. ನಮ್ಮನ್ನು ಮೇಲಕ್ಕೆ ಕಳಿಸಿ, ಅವರೇ ನೀರಿಗಿಳಿದು ಭಾಯಿಜಾನ್ ಜೊತೆ ಟೆಂಟ್ ಎಳೆದು ತಂದರು. ಎರಡು ಕಂಬಿ ಮುರಿದಿದ್ದವು, ಬಟ್ಟೆ ಉದ್ದಕ್ಕೆ ಹರಿದಿತ್ತು. ಬೆಂಚಿನ ಗೆಳೆಯನ ಮೊಬೈಲ್ ತಲೆದಿಂಬಿನ ಕೆಳಗಿತ್ತು. ಅದು ಉಪ್ಪುನೀರು ಕುಡಿದು ಕಪ್ಪಾಗಿತ್ತು.

ಅಜ್ಜನ ಮನೆಯ ಜಗುಲಿಯಲ್ಲಿ ಅವರ ಮನೆಯವರು ಬಿಸಿ ಚಹಾ ಕೊಟ್ಟರು. ಮಾಮು ನೋಟು ಮುಂದೆ ಹಿಡಿದರೆ ತೆಗೆದುಕೊಳ್ಳಲಿಲ್ಲ. ಅವರು ನನ್ನನ್ನು ಒಮ್ಮೆ ನೋಡಿದರು. ಸಂಜೆ ಹೇಳಿದ್ದೆನಲ್ಲ ಎಂದು ಈಗ ಎಲ್ಲರೆದುರು ಹೇಳುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. "ಹುಡುಗರು, ಆಗ್ತದೆ" ಎಂದಷ್ಟೇ ಹೇಳಿ ಒಳಗೆ ಹೋದರು.

4. ಆಕಾಶದಲ್ಲೇ ಬರೆದಿದ್ದ ಎಚ್ಚರಿಕೆ

ಬೆಳಿಗ್ಗೆ ಮಾಮು ಕೇಳಿದರು: "ನಿನ್ನೆ ಚಾಂದ್ ಎಷ್ಟನೆಯ ತಾರೀಖು?" ಈದ್ ಕಳೆದು ಎರಡು ವಾರ. ಶವ್ವಾಲ್ 15. ಅಂದರೆ ಹುಣ್ಣಿಮೆ. ಹಿಜರಿ ತಿಂಗಳು ಚಂದ್ರನಿಂದಲೇ ನಡೆಯುವುದರಿಂದ ನಮ್ಮ ಮನೆಯ ಕ್ಯಾಲೆಂಡರೇ ಉಬ್ಬರದ ಸೂಚಿಯೂ ಹೌದು.

ಉಬ್ಬರವಿಳಿತದ ಲೆಕ್ಕ ಹೀಗಿದೆ. ಚಂದ್ರನ ಸೆಳೆತ ಮುಖ್ಯ, ಸೂರ್ಯನ ಸೆಳೆತವೂ ಸೇರುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಎರಡೂ ಸೆಳೆತಗಳು ಕೂಡುತ್ತವೆ. ಆಗ ನೀರು ಹೆಚ್ಚು ಮೇಲೆ ಬರುತ್ತದೆ, ಹೆಚ್ಚು ಹಿಂದೆಯೂ ಹೋಗುತ್ತದೆ. ಚಂದ್ರ ಅರ್ಧ ಇರುವ ದಿನಗಳಲ್ಲಿ ಏರಿಳಿತ ಕಡಿಮೆ. ಹಿಜರಿ ತಾರೀಖಿನಲ್ಲಿ ಹೇಳುವುದಾದರೆ ತಿಂಗಳ ಆರಂಭ ಮತ್ತು 15ರ ಆಸುಪಾಸು ದೊಡ್ಡ ಉಬ್ಬರ, 7 ಮತ್ತು 22ರ ಆಸುಪಾಸು ಚಿಕ್ಕದು.

ನಾವು ಬಂದದ್ದು ದೊಡ್ಡ ಇಳಿತದ ಹೊತ್ತಿಗೆ. ಸಮುದ್ರ ಅಷ್ಟು ದೂರ ಇದ್ದದ್ದೇ ಅದು ಅಷ್ಟೇ ಹತ್ತಿರ ಬರುತ್ತದೆ ಎಂಬುದಕ್ಕೆ ಗುರುತು. ಮರಳು ಗಟ್ಟಿಯಾಗಿದ್ದದ್ದೂ ಅದಕ್ಕೇ. ದಿನಕ್ಕೆರಡು ಸಲ ನೀರು ಅದನ್ನು ತಟ್ಟಿ ಗಟ್ಟಿ ಮಾಡುತ್ತದೆ. ತೀರದಲ್ಲಿ ಟೆಂಟ್ ಹಾಕುವವರು ಒಣಗಿದ ಕಸಕಡ್ಡಿ, ಚಿಪ್ಪುಗಳ ಸಾಲು ಎಲ್ಲಿದೆ ನೋಡಬೇಕು. ಅದು ಹಿಂದಿನ ಉಬ್ಬರ ಬಿಟ್ಟುಹೋದ ಗೆರೆ. ಮರಳಿನ ಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿರುವ ಜಾಗವನ್ನೂ ದಾಟಿ, ಬಳ್ಳಿಗೆ ಹಾನಿ ಮಾಡದೆ, ಮೇಲೆ ಹೋಗಬೇಕು. ಎಲ್ಲಕ್ಕಿಂತ ಮೊದಲು ಅಲ್ಲಿಯವರ ಮಾತು ಕೇಳಬೇಕು.

5. ತಾಳೆಯಾದ ಲೆಕ್ಕ

ಮನೆಗೆ ಬಂದ ಮರುದಿನ ಲೆಕ್ಕ ಮುಗಿಸಿದೆ. ಗೇರುಸೊಪ್ಪ, ಜೋಗ, ಸಾಗರದ ಮೇಲೆ ಹಿಂದಿರುಗಿ ಒಟ್ಟು 676 ಕಿಲೋಮೀಟರ್ ಆಗಿತ್ತು. ಓಮ್ನಿ ಲೀಟರಿಗೆ 13 ಕೊಟ್ಟಿತು. 52 ಲೀಟರ್, ಲೀಟರಿಗೆ 103 ರೂಪಾಯಿ.

ಪೆಟ್ರೋಲ್: 5,356
ಹೊಸ ಟೆಂಟ್: 4,800
ಊಟ, ದಿನಸಿ, ಚಹಾ: 3,640
ಟೋಲ್ ಮತ್ತು ಪಾರ್ಕಿಂಗ್: 620
ತೋಟದ ಬಾಡಿಗೆ, ಎರಡು ರಾತ್ರಿ: 600
ಗ್ಯಾಸ್, ಚಾಪೆ, ಹಗ್ಗ: 980
ಔಷಧಿ, ಐಸ್, ಇತರೆ: 304
ಒಟ್ಟು: 16,300

ಡಬ್ಬಿಯಲ್ಲಿ ಉಳಿದದ್ದು ಸರಿಯಾಗಿ 200. ತಾಳೆಯಾಯಿತು! ಮೊಬೈಲ್ ರಿಪೇರಿಗೆ ಅಂಗಡಿಯವರು 4,200 ಹೇಳಿದ್ದರು. "ಸಮುದ್ರದ ನೀರಿನಿಂದ ಆದ ಆಕಸ್ಮಿಕ ನಷ್ಟ, ಐವರಿಗೂ ಸಮಪಾಲು, ತಲಾ 840" ಎಂದು ವಿವರಣೆ ಬರೆದೆ. ಯಾರೂ ಬೇಡ ಎನ್ನಲಿಲ್ಲ. ಗೆಳೆಯನ ನಷ್ಟವನ್ನು ಎಲ್ಲರೂ ಹಂಚಿಕೊಳ್ಳೋಣ ಎಂದು ಮೊದಲು ಹೇಳಿದವನು ನಾನೇ. ದೊಡ್ಡ ಮನಸ್ಸು ಎಂದು ಭಾಯಿಜಾನ್ ನನ್ನ ಬೆನ್ನು ತಟ್ಟಿದರು.

ಎರಡು ದಿನ ಬಿಟ್ಟು ಬೆಂಚಿನ ಗೆಳೆಯ ಮನೆಗೆ ಬಂದ. ಅವನ ಅಬ್ಬಾ ಪಂಕ್ಚರ್ ಅಂಗಡಿ ನಡೆಸುತ್ತಾರೆ. ಅವನು ತಂದದ್ದು 500 ರೂಪಾಯಿ, ಬಹುಪಾಲು ಹತ್ತು ಇಪ್ಪತ್ತರ ನೋಟುಗಳು, ಕೆಲವಕ್ಕೆ ಗ್ರೀಸಿನ ಕಲೆ. "ಉಳಿದ 340 ಮುಂದಿನ ವಾರ ಕೊಡ್ತೀನಿ, ಬಾಕಿ ಅಂತ ಬರ್ಕೋ" ಎಂದ. ನಾನು ತೆಗೆದುಕೊಂಡೆ. ರಸೀದಿಯನ್ನೂ ಬರೆದುಕೊಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ತನ್ನದೇ ಮೊಬೈಲ್ ಹಾಳಾಗಿದ್ದಕ್ಕೆ ಅವನೇ ಹಣ ಕೊಟ್ಟಿದ್ದ, ಅದೂ ಹಾಳು ಮಾಡಿದವನ ಕೈಗೆ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಮಾಮು ಹತ್ತಿರ ಹೋಗಿ ಅಜ್ಜನ ಎಚ್ಚರಿಕೆಯ ಮಾತು ಹೇಳಿದೆ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಟ್ಟೆ ಥಾನುಗಳನ್ನು ಜೋಡಿಸುವುದನ್ನು ನಿಲ್ಲಿಸದೆಯೇ, "ಪುಸ್ತಕ ತಗೊಂಡು ಬಾ. ತಪ್ಪು ಎಲ್ಲೆಲ್ಲಿದೆಯೋ ಎಲ್ಲ ಹುಡುಕು, ಇದೊಂದೇ ಅಲ್ಲ" ಎಂದರು.

6. ಮೂರು ತಪ್ಪು, ಮೂರು ಬಗೆ

ಹುಡುಕಿದಾಗ ಮೂರು ಸಿಕ್ಕವು. ಮೂರೂ ನಮ್ಮ ಪಠ್ಯದಲ್ಲಿರುವ ಬಗೆಗಳೇ, ಮೂರೂ ಇದ್ದರೂ ಲೆಕ್ಕ ತಾಳೆಯಾಗಿತ್ತು.

ಮೊದಲನೆಯದು ಪೂರ್ಣ ಲೋಪದ ತಪ್ಪು. ನಡೆದ ಒಂದು ವಿಷಯವನ್ನು ಎರಡೂ ಕಡೆ ಬರೆಯದೇ ಬಿಡುವುದು. ಎರಡೂ ಕಡೆ ಇಲ್ಲದ್ದರಿಂದ ಮೊತ್ತದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಪೆಟ್ರೋಲ್ ಬರೆದೆವು, ಗಾಡಿಯ ಸವೆತ ಬರೆಯಲಿಲ್ಲ. ಟೈರ್, ಆಯಿಲ್, ಬ್ರೇಕ್ ಎಲ್ಲ ಸೇರಿ ಕಿಲೋಮೀಟರಿಗೆ ಕನಿಷ್ಠ ಒಂದೂವರೆ ರೂಪಾಯಿ ಎಂದು ಭಾಯಿಜಾನ್ ಲೆಕ್ಕ. 676 ಕಿಲೋಮೀಟರಿಗೆ 1,014. ಅವರ ಹೊಟ್ಟೆಪಾಡಿನ ಗಾಡಿ ಅದು. ಅವರು ಕೇಳಲಿಲ್ಲ, ನಾವು ಕೊಡಲಿಲ್ಲ. ಕೇಳದವರ ಬಾಬತ್ತು ಲೆಕ್ಕದಿಂದ ಬಿಟ್ಟುಹೋಗುವುದು ಬಹಳ ಸುಲಭ.

ಎರಡನೆಯದು ತತ್ತ್ವದ ತಪ್ಪು. ಬಂಡವಾಳ ವೆಚ್ಚವನ್ನು ಆ ಪ್ರವಾಸದ ವೆಚ್ಚವೆಂದು ತೋರಿಸುವುದು. ಪೆಟ್ರೋಲ್ ಉರಿದು ಮುಗಿಯುತ್ತದೆ. ಟೆಂಟ್ ಹಾಗಲ್ಲ. ವರ್ಷಕ್ಕೊಂದರಂತೆ ನಾಲ್ಕು ಪ್ರವಾಸಕ್ಕೆ ಆಗಲಿ ಎಂದೇ ಕೊಂಡದ್ದು. ನೇರ ಕಂತು ಪದ್ಧತಿಯಲ್ಲಿ 4,800 ಭಾಗಿಸು 4, ಅಂದರೆ ಈ ಪ್ರವಾಸದ ಪಾಲು 1,200 ಮಾತ್ರ. ಉಳಿದ 3,600 ಐವರ ಆಸ್ತಿಯಾಗಿ ನಿಲ್ಲಬೇಕಿತ್ತು. ಇಡೀ ಟೆಂಟನ್ನು ಖರ್ಚಿಗೆ ಬರೆದದ್ದರಿಂದ ನಾನು ಹಾಳು ಮಾಡಿದ 3,600ರ ಆಸ್ತಿ ಖರ್ಚಿನ ಪಟ್ಟಿಯೊಳಗೇ ಅಡಗಿಕೊಂಡಿತ್ತು. ಒಂದು ತಪ್ಪು ಇನ್ನೊಂದನ್ನು ಮುಚ್ಚುವುದು ಹೀಗೆ.

ಮೂರನೆಯದು ತಪ್ಪು ಖಾತೆಗೆ ಬರೆಯುವುದು. ಮೊತ್ತ ಸರಿ, ಬದಿಯೂ ಸರಿ, ಹೆಸರು ತಪ್ಪು. ನನ್ನ ಖಾತೆಗೆ ಹೋಗಬೇಕಾದ ನಷ್ಟ ಐವರ ಖಾತೆಗೆ ಹೋಗಿತ್ತು. ಪಾಲುದಾರಿಕೆ ಕಾಯ್ದೆ ಇಲ್ಲಿ ದಾರಿ ತೋರಿಸುತ್ತದೆ. 13ನೇ ಸೆಕ್ಷನ್ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಎಲ್ಲರಿಗೂ ಸಮ. ಆದರೆ ಒಬ್ಬ ಪಾಲುದಾರನ ಉದ್ದೇಶಪೂರ್ವಕ ನಿರ್ಲಕ್ಷ್ಯದಿಂದ ಸಂಸ್ಥೆಗೆ ನಷ್ಟವಾದರೆ ಅದನ್ನು ಅವನೇ ತುಂಬಿಕೊಡಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಉಬ್ಬರದ ಬಗ್ಗೆ ಗೊತ್ತಿಲ್ಲದೇ ಟೆಂಟ್ ಹಾಕಿದ್ದರೆ ಅದು ಆಕಸ್ಮಿಕ. ಎಚ್ಚರಿಸಿದ ಮೇಲೂ ಹಾಕಿದರೆ ಆಕಸ್ಮಿಕ ಎನ್ನುವುದು ಹೇಗೆ?

ಅದಕ್ಕಿಂತ ಮುಖ್ಯ 9ನೇ ಸೆಕ್ಷನ್. ಪಾಲುದಾರರು ಒಬ್ಬರಿಗೊಬ್ಬರು ನ್ಯಾಯವಾಗಿ, ನಿಷ್ಠೆಯಿಂದ ನಡೆದುಕೊಳ್ಳಬೇಕು, ನಿಜವಾದ ಲೆಕ್ಕ ಕೊಡಬೇಕು, ವ್ಯವಹಾರಕ್ಕೆ ಸಂಬಂಧಿಸಿದ ಪೂರ್ಣ ಮಾಹಿತಿ ಕೊಡಬೇಕು ಎಂಬುದು ಅದರ ಸಾರಾಂಶ. ಅಜ್ಜ ನನಗೆ ಹೇಳಿದ ಮಾತು ಐವರಿಗೂ ಸೇರಿದ ಮಾಹಿತಿ. ಅದನ್ನು ಆ ಸಂಜೆಯೇ ಹೇಳಿದ್ದರೆ ಮಾಮು ಟೆಂಟ್ ಮೇಲಕ್ಕೆ ಒಯ್ಯಿಸುತ್ತಿದ್ದರು. ಆಗ ಲೆಕ್ಕದ ಪ್ರಶ್ನೆಯೇ ಬರುತ್ತಿರಲಿಲ್ಲ, ಈಜು ಬಾರದ ಗೆಳೆಯ ಕತ್ತಲಲ್ಲಿ ನೀರಿನ ನಡುವೆ ನಿಲ್ಲುತ್ತಲೂ ಇರಲಿಲ್ಲ.

7. ತಿದ್ದಿದ ಲೆಕ್ಕ

ನಗದು ಖರ್ಚು 16,300. ಅದರಲ್ಲಿ ಟೆಂಟಿನ 4,800 ಕಳೆದು, ಈ ವರ್ಷದ ಪಾಲು 1,200 ಮತ್ತು ಗಾಡಿ ಸವೆತ 1,014 ಕೂಡಿದರೆ ಪ್ರವಾಸದ ನಿಜ ವೆಚ್ಚ 13,714. ತಲಾ 2,742 ರೂಪಾಯಿ 80 ಪೈಸೆ. ನನ್ನ ನಿರ್ಲಕ್ಷ್ಯದ ನಷ್ಟ ಟೆಂಟ್ 3,600, ಮೊಬೈಲ್ 4,200, ಒಟ್ಟು 7,800. ಇದು ನನ್ನ ಒಬ್ಬನ ಖಾತೆಗೆ.

ಉಳಿದ ನಾಲ್ವರಿಗೆ ತಲಾ 557.20 ವಾಪಸು. ಭಾಯಿಜಾನ್‌ಗೆ ಅದರ ಜೊತೆ 1,014. ಮೊಬೈಲ್ ಅಂಗಡಿಗೆ 4,200. ನಾನು ಹಾಕಿದ್ದ 3,300 ವಜಾ ಮಾಡಿ ಇನ್ನೂ ಕೊಡಬೇಕಾದದ್ದು 7,242.80. ಡಬ್ಬಿಯ 200 ಸೇರಿಸಿ ನೋಡಿ, ತಾಳೆಯಾಗುತ್ತದೆ. ಗೆಳೆಯನ 500 ರೂಪಾಯಿಯನ್ನು ಅದೇ ನೋಟುಗಳಲ್ಲಿ ಬೇರೆಯಾಗಿ ಹಿಂದಿರುಗಿಸಿದೆ.

ಅಬ್ಬಾ ಹತ್ತಿರ ಕೇಳಬಾರದೆಂದು ಮಾಮು ಷರತ್ತು ಹಾಕಿದರು. ಮೇ ತಿಂಗಳಲ್ಲಿ ಅವರ ಅಂಗಡಿಯಲ್ಲಿ ದಿನಕ್ಕೆ 250 ರೂಪಾಯಿಯಂತೆ 29 ದಿನ ಕೆಲಸ ಮಾಡಿದೆ. 7,250 ಆಯಿತು. ಎಲ್ಲ ತೀರಿಸಿದ ಮೇಲೆ ನನ್ನ ಕೈಯಲ್ಲಿ ಉಳಿದದ್ದು ಏಳು ರೂಪಾಯಿ ಇಪ್ಪತ್ತು ಪೈಸೆ. 300 ರೂಪಾಯಿ ಉಳಿಸಲು ಹೋಗಿದ್ದರ ಫಲ.

ನಿಜ ಹೇಳಿದ ಕೂಡಲೇ ಎಲ್ಲ ಸರಿಹೋಯಿತು ಎಂದು ಬರೆದರೆ ಅದು ನಾಲ್ಕನೇ ತಪ್ಪಾಗುತ್ತದೆ. ಬೆಂಚಿನ ಗೆಳೆಯ ಹತ್ತು ದಿನ ನನ್ನ ಫೋನ್ ಎತ್ತಲಿಲ್ಲ. ಆಮೇಲೆ ಸಿಕ್ಕಾಗ ಹೇಳಿದ: "ಮೊಬೈಲ್ ಹೋದದ್ದಕ್ಕೆ ಅಲ್ಲ ಕಣೋ. ನಾನು ಐನೂರು ತಂದಾಗ ನೀನು ಎಣಿಸಿ ತಗೊಂಡೆಯಲ್ಲ, ಅದಕ್ಕೆ." ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಮತ್ತೆ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಈ ಲೇಖನವನ್ನು ಮೊದಲು ಓದಿದವನು ಅವನೇ. ಹತ್ತರ ನೋಟುಗಳ ಗ್ರೀಸ್ ಕಲೆಯನ್ನು ತೆಗೆಯಬೇಡ, ಇರಲಿ ಎಂದದ್ದೂ ಅವನೇ.

ಅಜ್ಜನ ಬಾಬತ್ತು ಮಾತ್ರ ಪುಸ್ತಕದಲ್ಲಿ ಇಲ್ಲ. ಹಣದಲ್ಲಿ ಅಳೆಯಬಹುದಾದದ್ದನ್ನು ಮಾತ್ರ ಬರೆಯಬೇಕು ಎಂಬುದು ಲೆಕ್ಕಶಾಸ್ತ್ರದ ಹಣ ಮಾಪನ ಪರಿಕಲ್ಪನೆ. ಅವರು ಹಣ ಮುಟ್ಟಲಿಲ್ಲ. ಆದರೆ ಅವರ ಬಗ್ಗೆ ನಾನು ಮನಸ್ಸಿನಲ್ಲಿ ಮಾಡಿದ ಅಂದಾಜು ತಪ್ಪಾಗಿತ್ತು. ಅದನ್ನು ಇಲ್ಲಿ ತಿದ್ದಿ ಬರೆದಿದ್ದೇನೆ.

8. ನೆನಪಿಡಬೇಕಾದ ಅಂಶಗಳು

1. ಹೊರಡುವ ಮೊದಲೇ ಒಪ್ಪಂದ ಬರೆದಿಡಿ. ಗಾಡಿಯ ಸವೆತ ಯಾರದು, ಕೊಂಡ ವಸ್ತು ಆಮೇಲೆ ಯಾರದು, ನಷ್ಟವಾದರೆ ಹೇಗೆ, ಮೂರನ್ನೂ ಬರೆಯಿರಿ.
2. ಲೆಕ್ಕವನ್ನು ಪ್ರತಿ ರಾತ್ರಿ ಎಲ್ಲರ ಎದುರು ಓದಿ ಹೇಳಿ. ಲೆಕ್ಕ ಬರೆಯುವವನೂ ಹಣ ಇಟ್ಟುಕೊಳ್ಳುವವನೂ ಬೇರೆ ಬೇರೆ ಇರಲಿ.
3. ವಿವರಣೆಯ ಸಾಲನ್ನು ಅಂಕಿಯಷ್ಟೇ ಎಚ್ಚರದಿಂದ ಬರೆಯಿರಿ. ನನ್ನ ಪುಸ್ತಕದಲ್ಲಿ ದೊಡ್ಡ ಸುಳ್ಳು ಇದ್ದದ್ದು ಅಂಕಿಯಲ್ಲಿ ಅಲ್ಲ, "ಆಕಸ್ಮಿಕ" ಎಂಬ ಒಂದು ಪದದಲ್ಲಿ.
4. ಕಡಲತೀರಕ್ಕೆ ಹೋಗುವ ಮೊದಲು ಚಂದ್ರನ ತಾರೀಖು ನೋಡಿ. ಊರಿನವರು ಬೇಡ ಎಂದ ಜಾಗದಲ್ಲಿ ಟೆಂಟ್ ಹಾಕಬೇಡಿ.

ಅಭ್ಯಾಸ

ಅ) ನಮ್ಮ ಪ್ರವಾಸದಲ್ಲಿ ಐಸ್ ಖರ್ಚನ್ನು 30 ರೂಪಾಯಿ ಹೆಚ್ಚಾಗಿ, ಚಹಾ ಖರ್ಚನ್ನು 30 ರೂಪಾಯಿ ಕಡಿಮೆಯಾಗಿ ಬರೆದಿದ್ದರೆ ಅದು ಯಾವ ಬಗೆಯ ತಪ್ಪು? ತಾಳೆಪಟ್ಟಿ ಅದನ್ನು ತೋರಿಸುತ್ತದೆಯೇ?

ಆ) ಅಜ್ಜ ಎಚ್ಚರಿಸದೇ ಇದ್ದಿದ್ದರೆ 7,800 ರೂಪಾಯಿಯನ್ನು ನೀವು ಹೇಗೆ ಹಂಚುತ್ತಿದ್ದಿರಿ? ಮೊಬೈಲ್ ಸ್ವಂತ ಆಸ್ತಿ, ಟೆಂಟ್ ಐವರ ಆಸ್ತಿ ಎಂಬುದನ್ನು ಗಮನದಲ್ಲಿಟ್ಟು ಉತ್ತರಿಸಿ.

ಇ) ನೀವು ಇತ್ತೀಚೆಗೆ ಗೆಳೆಯರ ಜೊತೆ ಹಂಚಿಕೊಂಡ ಯಾವುದಾದರೂ ಒಂದು ಖರ್ಚನ್ನು ತೆಗೆದುಕೊಳ್ಳಿ. ಅದರಲ್ಲಿ ಬರೆಯದೇ ಬಿಟ್ಟದ್ದು ಏನು? ಅದು ಯಾರಿಗೆ ಸೇರಬೇಕಾದದ್ದು?